ಹಳೇ ಕೋವಿ ಕೊಳ್ಳೋರಿಗೆ: ಸವೆದ ಅಸಲಿಯೋ, ಗುರುತು ತುಂಬಿದ "ಅಪರೂಪ"ವೋ, ಯಾವುದನ್ನ ಆರಿಸ್ಬೇಕು

ನಿಮ್ಮ ಎದುರಿಗೆ ಒಂದೇ ಮಾಡೆಲ್ಲಿನ ಎರಡು ಹಳೇ ರಿವಾಲ್ವರ್ ಇವೆ ಅಂತಿಟ್ಕೊಳಿ. ಒಂದು ಬಣ್ಣ ಹೋಗಿ ಕಂದು ತಿರುಗಿದೆ, ಅಲ್ಲಲ್ಲಿ ತುಕ್ಕಿನ ಗುಳಿ, ಹಿಡಿಯ ಮರದಲ್ಲಿ ತರಚು, ವಿಶೇಷ ಅನ್ನೋ ಗುರುತು ಒಂದೂ ಇಲ್ಲ. ಇನ್ನೊಂದು ಫಳಫಳ ಅಂತಿದೆ, ಮೇಲೆ ಯಾವ್ದೋ ಪ್ರಸಿದ್ಧ ಕಂಪನಿಯ ಹೆಸರೋ ಸೈನ್ಯದ ಇನ್ಸ್‌ಪೆಕ್ಟರ್ ಇನಿಷಿಯಲ್ಲೋ ಇದೆ, ಬೆಲೆ ಎರಡು ಮೂರು ಪಟ್ಟು. ಹೊಸಬರು ಹತ್ರಲ್ಲಿ ಎಂಟು ಜನ ಎರಡನೇದರ ಕಡೆ ವಾಲ್ತಾರೆ. ನಾನು ಬಹುಪಾಲು ಸಲ ಮೊದಲನೇದನ್ನೇ ತಗೊಳಿ ಅಂತೀನಿ. ಗುರುತು ಎಷ್ಟು ದೊಡ್ಡ ಕಥೆ ಹೇಳತ್ತೋ ಅಷ್ಟೇ ಗಟ್ಟಿಯಾಗಿ ಲೋಹವೂ ಮರವೂ ಆ ಕಥೆಗೆ ಸಾಕ್ಷಿ ಹೇಳ್ಬೇಕು, ಹೇಳದಿದ್ರೆ ಆ ಗುರುತು ಇಲ್ವೇ ಇಲ್ಲ ಅಂದ್ಕೊಂಡು ಬೆಲೆ ಕಟ್ಬೇಕು.

ನೋಡೋಕೆ ಕೂರೋ ಮುಂಚೆ ಒಂದು ವಿಷಯ ದಯವಿಟ್ಟು ಮರೀಬೇಡಿ. ನಳಿಗೆ ಬಾಯಿಂದ ಮದ್ದು ತುಂಬೋ ಹಳೇ ಕೋವಿಗಳಲ್ಲಿ ನೂರಾರು ವರ್ಷದ ಹಿಂದಿನ ಮದ್ದು ಇನ್ನೂ ಕೂತಿರಬಹುದು, ಕಪ್ಪು ಮದ್ದು ಒಣಗಿದ್ದರೆ ಎಷ್ಟು ವರ್ಷ ಆದ್ರೂ ಹತ್ತಿಕೊಳ್ಳತ್ತೆ. ಒಂದು ಮರದ ಕಡ್ಡಿ ಒಳಗೆ ಬಿಟ್ಟು ಎಲ್ಲೀವರೆಗೆ ಹೋಯ್ತು ಅಂತ ಗುರುತು ಹಾಕಿ, ಅದೇ ಕಡ್ಡೀನ ಹೊರಗೆ ನಳಿಗೆ ಪಕ್ಕ ಇಟ್ಟು ನೋಡಿ, ಕಿವಿತೂತಿನ (ಮದ್ದಿಗೆ ಬೆಂಕಿ ತಾಗೋ ಸಣ್ಣ ತೂತಿನ) ಹತ್ರ ಮುಟ್ಟದೆ ಮುಂಚೇನೇ ನಿಂತಿದ್ರೆ ಒಳಗೆ ಏನೋ ಇದೆ. ಲೈಸೆನ್ಸ್ ವಿಚಾರ ನೀವಿರೋ ಕಡೆಯ ಕಾನೂನು ಏನಿದೆಯೋ ಅದನ್ನ ಮೊದ್ಲು ತಿಳ್ಕೊಂಡೇ ಮುಂದೆ ಹೋಗಿ.

ಸವೆದದ್ದೋ ಹೊಳೆಯೋದೋ

ಹೊಳೆಯೋ ಪೀಸೆಲ್ಲ ಮೋಸ ಅಂತ ಅಲ್ಲ, ಪೆಟ್ಟಿಗೆಯಲ್ಲೇ ಉಳ್ಕೊಂಡ ಅಸಲಿಗಳೂ ಇವೆ. ಆದ್ರೆ ಮೂಲ ಹೊಳಪಿಗೂ ಆಮೇಲೆ ಪಾಲಿಶ್ ಹೊಡೆದು ಮತ್ತೆ ಬ್ಲೂ (ಉಕ್ಕಿನ ಮೇಲೆ ಬರಿಸೋ ನೀಲಿಗಪ್ಪು ಬಣ್ಣ) ಮಾಡಿದ್ದಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣತ್ತೆ. ಸ್ಕ್ರೂ ತೂತಿನ ಅಂಚು ನೋಡಿ, ಕಾರ್ಖಾನೆಯಿಂದ ಬಂದಾಗ ಅಂಚು ಚೂಪಾಗಿರತ್ತೆ, ಬಫಿಂಗ್ ಚಕ್ರಕ್ಕೆ ಹಿಡಿದ್ರೆ ತೂತಿನ ಸುತ್ತ ತಟ್ಟೆ ಥರ ತಗ್ಗು ಬೀಳತ್ತೆ. ಚಪ್ಪಟೆ ಇರಬೇಕಾದ ಕಡೆ ಬೆಳಕು ಬಿಟ್ಟು ಓರೆಯಾಗಿ ನೋಡಿದ್ರೆ ಅಲೆ ಅಲೆಯಾಗಿ ಕಾಣತ್ತೆ, ಮೂಲೆಗಳು ದುಂಡಗಾಗಿರತ್ವೆ, ಅಕ್ಷರಗಳು ಒಂದು ಕಡೆ ಆಳ ಇನ್ನೊಂದು ಕಡೆ ತೇಲಿ ಹೋಗಿರತ್ವೆ. ಮರ ಲೋಹ ಸೇರೋ ಜಾಗಾನೂ ಮಾತಾಡತ್ತೆ: ಮರ ಲೋಹಕ್ಕಿಂತ ತುಂಬಾ ಎದ್ದು ನಿಂತಿದ್ರೆ ಲೋಹ ತೆಳ್ಳಗಾಗಿರಬಹುದು, ಲೋಹ ಮರಕ್ಕಿಂತ ಎದ್ದಿದ್ರೆ ಮರಕ್ಕೆ ಉಪ್ಪುಕಾಗದ ಉಜ್ಜಿದ್ದಾರೆ.

ಬಣ್ಣದ ಬಗ್ಗೆ ಇನ್ನೊಂದು ಮಾತು. 19ನೇ ಶತಮಾನದ ಕೋಲ್ಟ್ ಸಿಂಗಲ್ ಆಕ್ಷನ್ ತಗೊಳಿ, ಬ್ಲೂ ಫಿನಿಶ್ ಪೀಸಿನಲ್ಲಿ ನಳಿಗೆ ಸಿಲಿಂಡರ್ ನೀಲಿ, ಫ್ರೇಮು ಸುತ್ತಿಗೆ ಎರಡೂ ಕೇಸ್ ಹಾರ್ಡನಿಂಗಿನ (ಲೋಹದ ಮೇಲ್ಮೈಯನ್ನ ಗಟ್ಟಿ ಮಾಡೋ ವಿಧಾನ) ಚಿತ್ತಾರದ ಬಣ್ಣ, ಸ್ಕ್ರೂಗಳು ಬೆಂಕೀಲಿ ಕಾಯಿಸಿದ ಹೊಳೆಯೋ ನೀಲಿ, ಹೀಗೆ ಒಂದೊಂದು ಭಾಗಕ್ಕೆ ಒಂದೊಂದು ವಿಧಾನ. ಎಲ್ಲಾ ಭಾಗ ಒಂದೇ ಕಡುಗಪ್ಪು ಬಣ್ಣದಲ್ಲಿದ್ರೆ ಯಾರೋ ಒಟ್ಟಿಗೆ ಬಿಸಿ ಉಪ್ಪಿನ ದ್ರಾವಣದಲ್ಲಿ ಮುಳುಗಿಸಿದ್ದಾರೆ, ಆ ವಿಧಾನ ಚಾಲ್ತಿಗೆ ಬಂದದ್ದೇ 20ನೇ ಶತಮಾನದಲ್ಲಿ. ಜರ್ಮನಿಯ ಲ್ಯೂಗರ್ ಪಿ08 ಪಿಸ್ತೂಲಿನಲ್ಲೂ ಹಾಗೇನೇ, 1937ರ ಆಸುಪಾಸಿನವರೆಗೆ ಟ್ರಿಗರ್, ಸೇಫ್ಟಿ, ಮ್ಯಾಗಜಿನ್ ಬಟನ್ ಇಂಥ ಸಣ್ಣ ಭಾಗಗಳು ಹುಲ್ಲಿನ ಹಳದಿ ಬಣ್ಣದಲ್ಲಿ ಇರ್ತಿದ್ವು, 1917ರ ತಾರೀಕಿನ ಪೀಸಿನಲ್ಲಿ ಅವೂ ನೀಲಿಯಾಗಿದ್ರೆ ಒಂದೋ ಭಾಗ ಬದಲಾಗಿದೆ ಇಲ್ಲಾ ಇಡೀ ಪೀಸು ಮತ್ತೆ ಬ್ಲೂ ಆಗಿದೆ. ಅಲ್ಲಲ್ಲಿ ತೇಪೆ ಹಾಕೋರು ಕೋಲ್ಡ್ ಬ್ಲೂ ಅನ್ನೋ ಬಾಟಲಿ ದ್ರಾವಣ ಹಚ್ತಾರೆ. ಅದಕ್ಕೆ ಒಂದು ವಿಚಿತ್ರ ವಾಸನೆ ಇರತ್ತೆ, ಲೋಹಾನ ಸ್ವಲ್ಪ ಉಜ್ಜಿ ಬೆಚ್ಚಗೆ ಮಾಡಿ ಮೂಸಿ ನೋಡಿದ್ರೆ ಎಷ್ಟೋ ಸಲ ಅಲ್ಲೇ ಸಿಕ್ಕಿಬೀಳತ್ತೆ.

ಹಾಗಾಗಿ ಇಲ್ಲಿ ಆಯ್ಕೆ ಸುಲಭ, ಮುಟ್ಟದ ಸವೆದ ಪೀಸು. ಮಾರೋರೇ "ಇದು ರೀಫಿನಿಶ್ ಮಾಡಿದ್ದು" ಅಂತ ಬಾಯಿಬಿಟ್ಟು ಹೇಳಿ ಬೆಲೇನೂ ಅದಕ್ಕೆ ತಕ್ಕಂತೆ ಇಳಿಸಿದ್ರೆ, ಗೋಡೆಗೆ ಅಲಂಕಾರಕ್ಕೆ ಬೇಕು ಅನ್ನೋರು ತಗೊಳ್ಳೋದ್ರಲ್ಲಿ ತಪ್ಪಿಲ್ಲ.

ಗುರುತು ಇರೋದೋ ಇಲ್ದಿರೋದೋ

ಜಾಸ್ತಿ ದುಡ್ಡು ಹೋಗೋದು ಇಲ್ಲೇ, ಆದ್ರಿಂದ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಅಸಲಿ ಗುರುತುಗಳು ಹೆಚ್ಚಾಗಿ ಪಂಚಿನಿಂದ ಹೊಡೆದದ್ದು ಅಥವಾ ಉರುಳೋ ಅಚ್ಚಿನಿಂದ ಒತ್ತಿದ್ದು. ಹೊಡೆದಾಗ ಲೋಹ ಕಳೆದುಹೋಗಲ್ಲ, ಪಕ್ಕಕ್ಕೆ ಸರಿಯತ್ತೆ, ಹಸಿ ಮಣ್ಣಲ್ಲಿ ಬೆರಳು ಒತ್ತಿದ್ರೆ ಸುತ್ತ ಏರು ಬರೋ ಹಾಗೆ. ಆ ಏರನ್ನ ಕಾರ್ಖಾನೆಯಲ್ಲಿ ಎಷ್ಟೋ ಸಲ ಫಿನಿಶಿಂಗ್ ಹೊತ್ತಿಗೆ ಉಜ್ಜಿ ತೆಗೀತಿದ್ರು, ಆಮೇಲೆ ಬ್ಲೂ ಮಾಡ್ತಿದ್ರು, ಹಾಗಾಗಿ ಅಕ್ಷರದ ತಳದಲ್ಲೂ ಅದೇ ನೀಲಿ ಅದೇ ಹಳೇ ಕೊಳೆ ಇರತ್ತೆ. ಇನ್ಸ್‌ಪೆಕ್ಷನ್ ಮುದ್ರೆ ಕೆಲವು ಬ್ಲೂ ಆದ್ಮೇಲೆ ಹೊಡೆದದ್ದೂ ಉಂಟು, ಅವುಗಳ ಅಂಚಲ್ಲಿ ನೀಲಿ ಮುರಿದು ಸಣ್ಣ ಬಿಳಿ ಗೆರೆ ಕಾಣತ್ತೆ, ಅದು ಸರಿಯೇ. ಯಾವ ಮಾಡೆಲ್ಲಿಗೆ ಯಾವ ಮುದ್ರೆ ಯಾವ ಹಂತದಲ್ಲಿ ಬೀಳ್ತಿತ್ತು ಅನ್ನೋದು ಗೊತ್ತಿದ್ರೆ ಅರ್ಧ ಕೆಲಸ ಮುಗೀತು.

ನಕಲಿಯವ್ರು ಮಾಡೋದು ಬೇರೆ. ಕೈಯಿಂದ ಕೆತ್ತಿದ್ರೆ ಲೋಹ ಚೂರಾಗಿ ಹೊರಗೆ ಬರತ್ತೆ, ಅಂಚಲ್ಲಿ ಏರು ಇರಲ್ಲ, ಗೆರೆ ಒಂದು ಕಡೆ ದಪ್ಪ ಒಂದು ಕಡೆ ತೆಳು. ತಿರುಗೋ ಕಟ್ಟರ್ ಮೆಷಿನ್ನಿನಲ್ಲಿ ಕೊರೆದ್ರೆ ಗೆರೆ ಉದ್ದಕ್ಕೂ ಒಂದೇ ಅಗಲ, ತುದಿಗಳು ದುಂಡಗೆ. ಅಚ್ಚು ಎರಕ ಹೊಯ್ದ ಭಾಗದಲ್ಲಾದ್ರೆ ಅಕ್ಷರದ ಮೂಲೆಗಳೆಲ್ಲ ಮೆತ್ತಗೆ ಕರಗಿದ ಹಾಗಿರತ್ವೆ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸೋ ಭೂತಗನ್ನಡಿ ಒಂದು, ಪಕ್ಕದಿಂದ ಬೀಳೋ ಹಾಗೆ ಹಿಡಿಯೋ ಟಾರ್ಚ್ ಒಂದು, ಇಷ್ಟಿದ್ರೆ ಇದೆಲ್ಲ ಮನೆಯಲ್ಲೇ ಕೂತು ನೋಡಬಹುದು.

ನನಗೆ ಎಲ್ಲಕ್ಕಿಂತ ನಂಬಿಕೆ ಇರೋ ಪರೀಕ್ಷೆ ಅಂದ್ರೆ ತುಕ್ಕಿನ ಗುಳಿ. ಮುದ್ರೆ ಮೊದಲು ಬಿದ್ದು ತುಕ್ಕು ಆಮೇಲೆ ಬಂದಿದ್ರೆ ಗುಳಿಗಳು ಅಕ್ಷರದ ಅಂಚನ್ನ ತಿಂದಿರತ್ವೆ, ಅಕ್ಷರದ ಒಳಗೂ ಹೊಕ್ಕಿರತ್ವೆ. ತುಕ್ಕು ಮೊದಲು ಬಂದು ಮುದ್ರೆ ಆಮೇಲೆ ಹೊಡೆದಿದ್ರೆ ಅಕ್ಷರದ ಗೆರೆ ಗುಳಿಯ ಮೇಲೆ ಹಾಯ್ದು ಹೋಗಿರತ್ತೆ, ಗುಳಿ ಅಲ್ಲಿ ಚಪ್ಪಟೆಯಾಗಿ ಅಮುಕಿರತ್ತೆ. ಯಾವುದು ಮೊದಲು ಯಾವುದು ಆಮೇಲೆ ಅನ್ನೋದನ್ನ ಲೋಹವೇ ಬರೆದಿಟ್ಟಿರತ್ತೆ, ಅದನ್ನ ಅಳಿಸೋಕೆ ಸುತ್ತಲಿನ ಲೋಹಾನೇ ಅರ ಹಾಕಿ ತೆಗೀಬೇಕು, ತೆಗೆದ್ರೆ ಆ ತಗ್ಗು ಕಾಣತ್ತೆ. ಸವಕಳಿಗೂ ಇದೇ ಲೆಕ್ಕ, ಕೈ ತಾಗಿ ತಾಗಿ ಪಕ್ಕದ ಕಾರ್ಖಾನೆ ವಿಳಾಸ ಅರ್ಧ ಮಾಸಿ ಹೋಗಿರೋ ಕಡೆ ಸೈನ್ಯದ ಮುದ್ರೆ ಮಾತ್ರ ನಿನ್ನೆ ಹೊಡೆದ ಹಾಗೆ ಚೂಪಾಗಿದ್ರೆ ಬಹುಶಃ ಮೊನ್ನೆ ಮೊನ್ನೆ ಹೊಡೆದದ್ದೇ.

ಅಕ್ಷರದ ಸಾಲು ಹೇಗಿದೆ ಅನ್ನೋದೂ ಮುಖ್ಯ, ಆದ್ರೆ ಇದನ್ನ ಜನ ತಲೆಕೆಳಗಾಗಿ ಅರ್ಥ ಮಾಡ್ಕೊಳ್ತಾರೆ. ನಳಿಗೆ ಮೇಲಿನ ಕಂಪನಿ ವಿಳಾಸ ಒಂದೇ ಉರುಳು ಅಚ್ಚಿನಿಂದ ಬಂದದ್ದಾಗಿದ್ರೆ ಅಂತರ ಎತ್ತರ ಎಲ್ಲಾ ಒಂದೇ ಸಮ ಇರಬೇಕು, ಒಂದು ಅಕ್ಷರ ಕುಣಿದ್ರೂ ಅನುಮಾನ ಪಡಿ. ಸೀರಿಯಲ್ ನಂಬರ್ ಒಂದೊಂದೇ ಅಂಕಿ ಪಂಚು ಹಿಡಿದು ಸುತ್ತಿಗೆಯಲ್ಲಿ ಹೊಡೆದದ್ದಾಗಿದ್ರೆ ಸ್ವಲ್ಪ ಏರುಪೇರು ಇರೋದೇ ಸಹಜ, ರೂಲರ್ ಇಟ್ಟ ಹಾಗೆ ನೇರ ಇದ್ರೆ ಅಲ್ಲಿ ಅನುಮಾನ. ಜೊತೆಗೆ ಅಂಕಿಗಳ ರೂಪ, 4ರ ಮೂಲೆ, 7ರ ಕಾಲು, 1ರ ತಲೆ, ಇವನ್ನ ಅದೇ ವರ್ಷದ ಅಸಲಿ ಪೀಸಿನ ಒಳ್ಳೇ ಫೋಟೋ ಪಕ್ಕ ಇಟ್ಟು ಹೋಲಿಸಿ.

ಯಾವ ಗುರುತು ಕಂಡ್ರೆ ಮೊದಲೇ ಎಚ್ಚರ ಆಗ್ಬೇಕು? ಅಮೆರಿಕದ ಸಿವಿಲ್ ವಾರ್ ಕಾಲದ ಕೋವಿ ಮೇಲೆ "ಸಿ.ಎಸ್." ಅಂದ್ರೆ ದಕ್ಷಿಣದ ಕಾನ್ಫೆಡರೇಟ್ ಗುರುತು. ವೆಲ್ಸ್ ಫಾರ್ಗೋ ಅನ್ನೋ ಅಮೆರಿಕದ ಸಾಗಣೆ ಕಂಪನಿ ಹೆಸರು. 1847ರ ಕೋಲ್ಟ್ ವಾಕರ್ ರಿವಾಲ್ವರ್ ಮೇಲಿನ ಕಂಪನಿ ನಂಬರ್ (ಇಲ್ಲಿ ಕಂಪನಿ ಅಂದ್ರೆ ಸೈನ್ಯದ ತುಕಡಿ), ಆ ವಾಕರ್ ಒಟ್ಟು ಮಾಡಿದ್ದೇ ಸುಮಾರು 1,100. ಕೋಲ್ಟ್ ಕ್ಯಾವಲ್ರಿ, ಅಂದ್ರೆ ಕುದುರೆ ಸೈನ್ಯದ ರಿವಾಲ್ವರ್ ಮೇಲಿನ ಓ.ಡಬ್ಲ್ಯೂ.ಎ. ಅನ್ನೋ ಇನಿಷಿಯಲ್, ಅದು ಇನ್ಸ್‌ಪೆಕ್ಟರ್ ಆರ್ವಿಲ್ ಐನ್ಸ್‌ವರ್ತ್‌ದು, 1876ರ ಲಿಟಲ್ ಬಿಗ್‌ಹಾರ್ನ್ ಯುದ್ಧಕ್ಕೆ ಹೋದ ಪೀಸುಗಳ ಜೊತೆ ಅದರ ನಂಟು ಇರೋದ್ರಿಂದ ಬೆಲೆ ಎಲ್ಲಿಗೋ ಹೋಗತ್ತೆ. ವಿಂಚೆಸ್ಟರ್ 1873 ರೈಫಲ್ಲಿನ "ಒನ್ ಆಫ್ ಒನ್ ಥೌಸಂಡ್", ಆ ಮಾಡೆಲ್ಲಿನಲ್ಲಿ ಅಂಥವು ಬರೀ 130ರ ಆಸುಪಾಸು. 1911 ಪಿಸ್ತೂಲಿನಲ್ಲಿ ಸಿಂಗರ್ ಹೊಲಿಗೆ ಮೆಷಿನ್ ಕಂಪನಿ ಮಾಡಿದ್ದು, ಅದು 500 ಮಾತ್ರ, ನಂಬರ್ ಎಸ್800001ರಿಂದ ಎಸ್800500ರವರೆಗೆ, ಅದರಾಚೆಯ ನಂಬರಿನ ಮೇಲೆ ಸಿಂಗರ್ ಹೆಸರಿದ್ರೆ ಮಾತೇ ಬೇಡ. ಇವೆಲ್ಲ ಅಸಲಿ ಇಲ್ಲ ಅಂತ ನಾನು ಹೇಳ್ತಿಲ್ಲ, ಒಂದೇ ಒಂದು ಮುದ್ರೆಯಿಂದ ಬೆಲೆ ಹಲವು ಪಟ್ಟಾಗೋ ಕಡೆ ಮೋಸಗಾರರು ಮೊದಲು ಕೈ ಹಾಕ್ತಾರೆ ಅಷ್ಟೇ.

ಪ್ರೂಫ್ ಮುದ್ರೆಗಳು, ಅಂದ್ರೆ ನಳಿಗೆ ಗಟ್ಟಿ ಇದೆಯಾ ಅಂತ ಪರೀಕ್ಷೆ ಮಾಡಿ ಹೊಡೆಯೋ ಮುದ್ರೆಗಳು, ಇದಕ್ಕೆ ಉಲ್ಟಾ, ಅವನ್ನ ನಕಲು ಮಾಡೋಕೆ ಅಷ್ಟು ಆಸೆ ಇರಲ್ಲ, ಹಾಗಾಗಿ ಅವೇ ಒಳ್ಳೇ ಸಾಕ್ಷಿ. ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್ ಶುರುವಾದದ್ದು 1813ರ ಕಾಯ್ದೆಯಿಂದ. ಬೆಲ್ಜಿಯಂನ ಲಿಯೇಜಿನ ಇ.ಎಲ್.ಜಿ. ಅನ್ನೋ ಅಂಡಾಕಾರದ ಮುದ್ರೆ ಮೇಲೆ ಕಿರೀಟ ಬಂದದ್ದು 1893ರಿಂದ. ಇಂಗ್ಲೆಂಡಿನಲ್ಲಿ ಪರದೇಶದ ಕೋವಿಗೆ "ನಾಟ್ ಇಂಗ್ಲಿಷ್ ಮೇಕ್" ಅಂತ ಹೊಡೆಯೋಕೆ ಶುರು ಮಾಡಿದ್ದು 1925ರಲ್ಲಿ. ಈಗ "1880ರಿಂದ ಅಮೆರಿಕದ ಒಂದೇ ಕುಟುಂಬದ ಪೆಟ್ಟಿಗೆಯಲ್ಲಿತ್ತು" ಅನ್ನೋ ಕೋಲ್ಟಿನ ಮೇಲೆ ಆ ಮಾತು ಇದ್ರೆ ಕೋವಿ ಅಸಲಿ ಇರಬಹುದು, ಕಥೆ ಮಾತ್ರ ಅಲ್ಲ. ಹೊಸ ಪ್ರೂಫ್ ಮುದ್ರೆ ಹಳೇ ಕೋವಿ ಮೇಲೆ ಇದ್ದ ಮಾತ್ರಕ್ಕೆ ನಕಲಿ ಅನ್ಬೇಡಿ, ಮತ್ತೆ ಮಾರೋವಾಗ ರಿಪೇರಿ ಮಾಡಿದಾಗ ಮತ್ತೆ ಪ್ರೂಫಿಗೆ ಕಳಿಸ್ತಿದ್ರು. ಬ್ರಿಟಿಷ್ ಸೈನ್ಯದ ಬ್ರೌನ್ ಬೆಸ್ ಅನ್ನೋ ಚಕಮಕಿ ಕೋವಿಯ ಲಾಕಿನ (ಕಿಡಿ ಹೊಡೆಸೋ ಭಾಗದ) ಮೇಲೆ ತಯಾರಕನ ಹೆಸರು ವರ್ಷ ಹಾಕೋದು 1764ರ ಸುಮಾರಿಗೆ ನಿಂತು ಬರೀ "ಟವರ್" ಅಂತ ಆಯ್ತು, ಆದ್ರಿಂದ 1776 ಅಂತ ದೊಡ್ಡದಾಗಿ ಕೆತ್ತಿರೋ ಲಾಕ್ ಕಂಡ್ರೆ ಖುಷಿ ಪಡೋ ಬದಲು ಕೆಳಗಿಡಿ.

ಉಡುಗೊರೆ ಬರಹ, ಅಂದ್ರೆ "ಕ್ಯಾಪ್ಟನ್ ಇಂಥವರಿಗೆ" ಅಂತ ಕೆತ್ತಿದ್ದು, ಇನ್ನೊಂದು ಬಲೆ. ಮೊದಲು ಸೀರಿಯಲ್ ನಂಬರ್ ಯಾವ ವರ್ಷದ್ದು ನೋಡಿ, ಬರಹದ ತಾರೀಕು ಅದಕ್ಕಿಂತ ಹಿಂದಿನದಾಗಿರೋದೂ ಇದೆ, ಮೋಸಗಾರರು ಅಷ್ಟೂ ಲೆಕ್ಕ ಹಾಕಿರಲ್ಲ. ಫ್ರೇಮಿನ ಮೇಲೆ ಕೆತ್ತನೆ ಇದ್ದು ಕೇಸ್ ಹಾರ್ಡನಿಂಗ್ ಬಣ್ಣವೂ ಇದ್ರೆ ಆ ಬಣ್ಣ ಕೆತ್ತನೆಯ ಗೆರೆ ಒಳಗೂ ಇಳಿದಿರಬೇಕು. ಕೇಸ್ ಹಾರ್ಡನ್ ಆದ ಮೇಲ್ಮೈ ಗಾಜಿನಷ್ಟು ಗಟ್ಟಿ, ಕೆತ್ತಬೇಕಂದ್ರೆ ಮೊದಲು ಕಾಯಿಸಿ ಮೆತ್ತಗೆ ಮಾಡ್ಬೇಕು, ಆಗ ಬಣ್ಣ ಹೋಗಿಬಿಡತ್ತೆ.

ಮರದ ಮೇಲಿನ ಇನ್ಸ್‌ಪೆಕ್ಟರ್ ಮುದ್ರೆಗೂ ಅದೇ ತರ್ಕ. ಒತ್ತಿದ ಮುದ್ರೆಯಲ್ಲಿ ಮರದ ನಾರು ಅಮುಕಿರತ್ತೆ, ಕೆತ್ತಿದ್ರೆ ನಾರು ಕತ್ತರಿಸಿರತ್ತೆ. ಉಪ್ಪುಕಾಗದ ಹಾಕಿದ ಮರದ ಮೇಲೆ ಅಸಲಿ ಮುದ್ರೆ ಚೂಪಾಗಿ ಉಳಿದಿರೋಕೆ ಸಾಧ್ಯವೇ ಇಲ್ಲ.

ನಂಬರ್ ಎಲ್ಲಾ ಸೇರಿದ್ದೋ ಬೆರಕೆಯೋ

ಸಾಮಾನ್ಯ ಉತ್ತರ, ಸೇರಿದ್ದೇ ಒಳ್ಳೇದು. ಆದ್ರೆ ಸೇರಿದೆಯೋ ಸೇರಿಸಿದ್ದಾರೋ ನೋಡ್ಬೇಕು. ಲ್ಯೂಗರಿನಲ್ಲಿ ಸಣ್ಣ ಭಾಗಗಳ ಮೇಲೆ ಸೀರಿಯಲ್ಲಿನ ಕೊನೇ ಎರಡು ಅಂಕಿ ಇರತ್ತೆ, ಬೇರೆ ಪೀಸಿನ ಭಾಗ ತಂದು ಹಳೇ ಅಂಕಿ ಅರೆದು ಹೊಸದು ಹೊಡೆಯೋ ಕೆಲಸ ಧಾರಾಳವಾಗಿ ನಡೆದಿದೆ, ಅಂಥ ಕಡೆ ಅಂಕಿಯ ಸುತ್ತ ಸಣ್ಣ ತಗ್ಗು, ಉಜ್ಜಿದ ಗೆರೆ, ಬೇರೆ ಛಾಯೆಯ ನೀಲಿ ಕಾಣತ್ತೆ. ಅದೇ ಲ್ಯೂಗರಿನಲ್ಲಿ ಮೊದಲ ಮಹಾಯುದ್ಧದ ತಾರೀಕಿನ ಜೊತೆ 1920 ಅಂತ ಇನ್ನೊಂದು ತಾರೀಕು ಇದ್ರೆ ಗಾಬರಿ ಬೇಡ, ಅದು ಯುದ್ಧದ ನಂತರ ಜರ್ಮನ್ ಸೈನ್ಯ ಹಾಕಿಸಿದ್ದು, ಚರಿತ್ರೆಯ ಭಾಗ.

ಬೆರಕೆಯೇ ಸರಿ ಅನ್ನೋ ಉದಾಹರಣೆ ಕೋಲ್ಟ್ ಆರ್ಟಿಲರಿ. 1895ರಿಂದ ಅಮೆರಿಕದ ಸೈನ್ಯ ಹಳೇ ಏಳೂವರೆ ಇಂಚಿನ ಕ್ಯಾವಲ್ರಿ ರಿವಾಲ್ವರುಗಳನ್ನ ವಾಪಸ್ ತರಿಸಿ ನಳಿಗೆ ಐದೂವರೆ ಇಂಚಿಗೆ ಇಳಿಸಿ ಮತ್ತೆ ಜೋಡಿಸ್ತು, ಆಗ ಯಾವ ಭಾಗ ಯಾವುದಕ್ಕೆ ಹೋಯ್ತು ಅಂತ ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ, ಆದ್ರಿಂದ ಬಹುಪಾಲು ಆರ್ಟಿಲರಿಗಳಲ್ಲಿ ನಂಬರ್ ಬೆರಕೆ. ಅಲ್ಲಿ ಎಲ್ಲಾ ನಂಬರ್ ಸೇರಿರೋ ಪೀಸು ಮತ್ತು ಬೆರಕೆ ಪೀಸು ಎರಡೂ ಎದುರಿಗೆ ಬಂದ್ರೆ ನಾನು ಬೆರಕೆಯ ಕಡೆಗೇ ಹೋಗ್ತೀನಿ, ಸೇರಿರೋದನ್ನ ಎರಡು ಪಟ್ಟು ಹೊತ್ತು ನೋಡ್ತೀನಿ. ಆರ್ಟಿಲರಿಗೆ ಏಳೂವರೆ ಇಂಚಿನ ನಳಿಗೆ ಹಾಕಿ ಮತ್ತೆ ಕ್ಯಾವಲ್ರಿ ಮಾಡಿ ಮಾರೋದೂ ನಡೆಯತ್ತೆ, ಕ್ಯಾವಲ್ರಿಗೆ ಬೆಲೆ ಜಾಸ್ತಿ ಅಂತ.

ಕತ್ತರಿಸಿದ್ದು, ಮಾರ್ಪಡಿಸಿದ್ದು

ನಳಿಗೆ ಕತ್ತರಿಸಿದ್ರೆ ಮೂರು ಕಡೆ ಗೊತ್ತಾಗತ್ತೆ: ಬಾಯಿಯ ದುಂಡು, ಮುಂದಿನ ಗುರಿಕಡ್ಡಿ ಕೂತಿರೋ ರೀತಿ, ವಿಳಾಸ ನಳಿಗೆ ಮಧ್ಯ ಇರಬೇಕಾದ್ದು ಬಾಯಿ ಕಡೆಗೆ ಸರಿದಂತೆ ಕಾಣೋದು. 1873ರ ಸ್ಪ್ರಿಂಗ್‌ಫೀಲ್ಡ್ ಟ್ರ್ಯಾಪ್‌ಡೋರ್ ಅನ್ನೋ ಸೈನ್ಯದ ಕೋವಿಯಲ್ಲಿ ಇದು ಸಿಕ್ಕಾಪಟ್ಟೆ, ಉದ್ದ ರೈಫಲ್ ತಗೊಂಡು 22 ಇಂಚಿಗೆ ಕತ್ತರಿಸಿ ಕ್ಯಾವಲ್ರಿ ಕಾರ್ಬೈನ್ (ಗಿಡ್ಡ ಕೋವಿ) ಅಂತಾರೆ. ಹಿಂದಿನ ಗುರಿಪಟ್ಟಿ ಮೇಲೆ ಕಾರ್ಬೈನಿಗೆ ಸಿ, ರೈಫಲ್ಲಿಗೆ ಆರ್ ಅಂತ ಇರತ್ತೆ, ಆದ್ರೆ ಅದನ್ನ ಬದಲಾಯಿಸೋದು ಸುಲಭ, ಹಾಗಾಗಿ ಮರ ನೋಡಿ. ರೈಫಲ್ ಮರದಲ್ಲಿ ನಳಿಗೆ ಹಿಡಿಯೋ ಬಳೆಗಳ ಸ್ಪ್ರಿಂಗಿಗೆ, ನಳಿಗೆ ಒರೆಸೋ ಕಡ್ಡಿಗೆ ಅಂತ ಕೊರೆದ ಜಾಗ ಇರತ್ತೆ, ಅವನ್ನ ಮರದ ತುಂಡು ಹಾಕಿ ಮುಚ್ಚಿರೋದು ಒಳಗಿಂದ ಸಿಕ್ಕೇ ಸಿಗತ್ತೆ. ಯುವಿ ಟಾರ್ಚ್ ಬಿಟ್ರೆ ಹೊಸ ಅಂಟು ಮತ್ತು ಫಿಲ್ಲರ್ ಎಷ್ಟೋ ಸಲ ಬೇರೆ ಥರ ಹೊಳೆಯತ್ತೆ.

ಫ್ಲಿಂಟ್‌ಲಾಕ್, ಅಂದ್ರೆ ಚಕಮಕಿ ಕಲ್ಲಿನ ಕಿಡಿಯಿಂದ ಹಾರೋ ಕೋವಿ, ಅದರ ವಿಷಯ ನನಗೆ ನಿಜಕ್ಕೂ ಬೇಸರ ತರಿಸತ್ತೆ. 1820ರಿಂದ 1850ರವರೆಗೆ ಲೆಕ್ಕವಿಲ್ಲದಷ್ಟು ಚಕಮಕಿ ಕೋವಿಗಳನ್ನ ಕ್ಯಾಪಿನ (ಏಟು ಬಿದ್ರೆ ಸಿಡಿಯೋ ಸಣ್ಣ ಲೋಹದ ಟೋಪಿಯ) ಪದ್ಧತಿಗೆ ಬದಲಾಯಿಸಿದ್ರು, ಅದು ಆ ಕೋವಿಯ ನಿಜವಾದ ಬದುಕು. ನೂರು ವರ್ಷ ಆದ್ಮೇಲೆ ಬೆಲೆಗೋಸ್ಕರ ಅದನ್ನೇ ವಾಪಸ್ ಚಕಮಕಿಗೆ ತಿರುಗಿಸಿ ಎರಡು ಚರಿತ್ರೆಯನ್ನೂ ಕೆಡಿಸ್ತಾರೆ. ಲಾಕ್ ಬಿಚ್ಚಿ ತಟ್ಟೆಯ ಒಳಮೈ ನೋಡಿ, ಮುಚ್ಚಿದ ತೂತುಗಳ ದುಂಡು ಛಾಯೆ ಕಾಣತ್ತೆ, ಬೆಸುಗೆ ಹಾಕಿದ ಲೋಹ ಬಣ್ಣವನ್ನ ಸುತ್ತಲಿನಂತೆ ಹೀರಲ್ಲ. ಕಿವಿತೂತು ಸುತ್ತ ವರ್ಷಗಟ್ಟಲೆ ಮದ್ದು ಉರಿದ ಸವಕಳಿ ಇದೆಯಾ, ಮದ್ದಿನ ತಟ್ಟೆಯ ಹೊಂದಾಣಿಕೆ ಸರಿ ಇದೆಯಾ ನೋಡಿ. ಕಾಲದಲ್ಲೇ ಮಾರ್ಪಟ್ಟ ಕ್ಯಾಪಿನ ಕೋವಿ ಮತ್ತು ಆಮೇಲೆ ಚಕಮಕಿಗೆ ತಿರುಗಿಸಿದ್ದು, ಈ ಎರಡರಲ್ಲಿ ಆರಿಸೋದಾದ್ರೆ ಕ್ಯಾಪಿನದೇ ಆರಿಸಿ, ಬೆಲೇನೂ ಕಮ್ಮಿ ಬೀಳತ್ತೆ.

ಪತ್ರ ಇರೋದೋ ಇಲ್ದಿರೋದೋ

ಕೋಲ್ಟ್ ಕಂಪನಿ ತನ್ನ ಹಳೇ ದಾಖಲೆ ನೋಡಿ ಪತ್ರ ಕೊಡತ್ತೆ, ವಿಂಚೆಸ್ಟರ್ ದಾಖಲೆಗಳು ವಯೋಮಿಂಗಿನ ಕೋಡಿ ಊರಿನ ಮ್ಯೂಸಿಯಮ್ಮಿನಲ್ಲಿವೆ. ಪತ್ರ ಇರೋದು ಮೇಲೇ, ಸಂಶಯ ಇಲ್ಲ. ಆದ್ರೆ ಪತ್ರ ಹೇಳೋದು ಆ ನಂಬರಿನ ಕೋವಿ ಕಾರ್ಖಾನೆಯಿಂದ ಹೊರಟಾಗ ಹೇಗಿತ್ತು ಅಂತ, ನಿಮ್ಮ ಕೈಯಲ್ಲಿರೋದು ಅದೇನಾ ಅಂತ ಅಲ್ಲ. ಪತ್ರದಲ್ಲಿ ಒಳ್ಳೇ ಕಥೆ ಬಂದ ನಂಬರನ್ನೇ ಬೇರೆ ಕೋವಿಗೆ ಹೊಡೆದು ಪತ್ರದ ಜೊತೆ ಮಾರಿದ್ರೆ? ಆದ್ರಿಂದ ಪತ್ರ ಓದಿ, ನಳಿಗೆ ಉದ್ದ ಫಿನಿಶ್ ಹಿಡಿ ಎಲ್ಲಾ ತಾಳೆ ನೋಡಿ, ಆಮೇಲೆ ನಂಬರನ್ನೇ ಭೂತಗನ್ನಡಿ ಕೆಳಗೆ ಹಿಡೀರಿ. ಕ್ಯಾಪ್ ಕಾಲದ ಹಳೇ ಕೋಲ್ಟುಗಳಿಗೆ ದಾಖಲೆ ಅಲ್ಲಲ್ಲಿ ಮಾತ್ರ ಉಳಿದಿದೆ, ಅಲ್ಲಿ ಪತ್ರ ಇಲ್ಲ ಅನ್ನೋದು ದೋಷ ಅಲ್ಲ. ಹರಾಜಿನ ಹಳೇ ಕ್ಯಾಟಲಾಗ್, ಮೊಮ್ಮಗ ಬರೆದ ಅಫಿಡವಿಟ್ ಇವಕ್ಕೆಲ್ಲ ನಾನು ಅಷ್ಟು ತೂಕ ಕೊಡಲ್ಲ.

ಕೊನೇದಾಗಿ ಪೂರ್ತಿ ಹೊಸ ಕೋವಿಯನ್ನೇ ಹಳೇದು ಮಾಡಿ ಮಾರೋದು. ಇಟಲಿಯಲ್ಲಿ ಊಬರ್ತಿ, ಪಿಯೆತ್ತಾ ಮಾಡೋ ಕೋಲ್ಟ್ ಮಾದರಿಗಳು ತಮ್ಮಷ್ಟಕ್ಕೆ ಒಳ್ಳೇ ವಸ್ತುಗಳು, ಪ್ರಾಮಾಣಿಕವಾಗಿ ರೆಪ್ಲಿಕಾ ಅಂತಲೇ ಮಾರ್ತಾರೆ. ಅವನ್ನ ಕೊಂಡು ಮೂಲ ಫಿನಿಶ್ ತೆಗೆದು ತುಕ್ಕು ಹಿಡಿಸಿ ವಿಳಾಸ ಅಳಿಸೋರು ಬೇರೆ ಜನ. ನಕ್ಷತ್ರದ ಕೆಳಗೆ ಪಿ.ಎನ್. ಅನ್ನೋ ಗಾರ್ದೋನೆಯ ಪ್ರೂಫ್ ಮುದ್ರೆ, ಚೌಕದೊಳಗಿನ ವರ್ಷದ ಅಕ್ಷರ ಇವನ್ನ ಅರೆದಿರ್ತಾರೆ, ಹಾಗಾಗಿ ಮದ್ದು ಒತ್ತೋ ಸನ್ನೆಯ ಅಡಿ, ನಳಿಗೆ ಕೆಳಗೆ ವಿಚಿತ್ರವಾಗಿ ಚಪ್ಪಟೆಯಾದ ಜಾಗ ಹುಡುಕಿ. ಸ್ಕ್ರೂ ಬಿಚ್ಚಿದ್ರೆ ಮೆಟ್ರಿಕ್ ತಿರುಪು ಸಿಕ್ಕರೆ ಅದು ಹಳೇ ಕೋಲ್ಟ್ ಅಲ್ಲ. ಅಮೆರಿಕದ ದಕ್ಷಿಣದ ಗ್ರಿಸ್‌ವಲ್ಡ್ ಅಂಡ್ ಗನ್ನಿಸನ್ ರಿವಾಲ್ವರ್ ಹಿತ್ತಾಳೆ ಫ್ರೇಮಿನದು, ಹಿತ್ತಾಳೆ ಫ್ರೇಮಿನ ರೆಪ್ಲಿಕಾನ ಅದೇ ಅಂತ ಮಾರೋದಿದೆ. ಅಸಲಿಯ ಸಿಲಿಂಡರಿಗೆ ಕಬ್ಬಿಣಾನ ತಿರುಚಿ ಬಳಸ್ತಿದ್ರು, ಆ ತಿರುಚಿದ ಗೆರೆಗಳು ಮೇಲ್ಮೈಯಲ್ಲಿ ಓರೆಯಾಗಿ ಕಾಣತ್ವೆ, ಇವತ್ತಿನ ಉಕ್ಕಿನಲ್ಲಿ ಅವು ಬರಲ್ಲ.

ಇಷ್ಟೆಲ್ಲ ನೋಡ್ಬೇಕಂದ್ರೆ ಹಿಡಿ ಬಿಚ್ಚಬೇಕು, ಲಾಕ್ ತೆಗೀಬೇಕು. ಸ್ಕ್ರೂ ತಲೆ ಹಾಳಾಗತ್ತೆ ಅಂತ ಮಾರೋರು ತಾವೇ ಸರಿಯಾದ ಸ್ಕ್ರೂಡ್ರೈವರ್ ತಂದು ಬಿಚ್ಚಿ ತೋರಿಸಿದ್ರೆ ಅವರ ಮಾತಿಗೆ ಬೆಲೆ ಕೊಡಿ. ಗುರುತಿಗೆ ಮೂರು ಪಟ್ಟು ಬೆಲೆ ಕೇಳಿ ಒಳಗೆ ನೋಡೋಕೆ ಮಾತ್ರ ಬಿಡಲ್ಲ ಅಂದ್ರೆ, ಪಕ್ಕದಲ್ಲಿರೋ ಆ ಕಂದು ತಿರುಗಿದ ಗುರುತಿಲ್ಲದ ಪೀಸಿನ ಬೆಲೆ ಕೇಳಿ.